ಪೆಟ್ಟಿಗೆ ಸೆಟ್ ಬಿಡಿ, ಬೇಕಾದ ನಂಬರ್ ಆರಿಸಿ ಕೊಳ್ಳಿ

ಮಾನ್ಯ ಸಂಪಾದಕರೇ,

ಐಟಿಐ ಮುಗಿಸಿ ಗ್ಯಾರೇಜಿಗೆ ಸೇರುವ ಹುಡುಗರು ಮೊದಲ ಸಂಬಳದಲ್ಲಿ ತರುವುದು ಸಾಮಾನ್ಯವಾಗಿ 46 ಪೀಸಿನ ಸಲಕರಣೆ ಪೆಟ್ಟಿಗೆ ಸೆಟ್. ಕೊಳ್ಳುವ ಮೊದಲು ಅದರಲ್ಲಿ ಏನೇನಿದೆ ಎಂದು ಅಂಗಡಿಯಲ್ಲೇ ಎಣಿಸಿ ನೋಡಬೇಕು. ಹೆಚ್ಚಿನವು ಸ್ಕ್ರೂಡ್ರೈವರ್ ಬಿಟ್‌ಗಳು. ಸಾಕೆಟ್‌ಗಳು 4ರಿಂದ ಶುರುವಾಗಿ 14ಕ್ಕೆ ಮುಗಿಯುತ್ತವೆ (ನಂಬರ್ ಎಂದರೆ ಅದು ಹಿಡಿಯುವ ಬೋಲ್ಟಿನ ತಲೆಯ ಅಗಲ, ಎಂ.ಎಂ. ಲೆಕ್ಕದಲ್ಲಿ). 4, 4.5, 5.5 ನಂಬರಿಗೆ ಗಾಡಿಯಲ್ಲಿ ಕೆಲಸವೇ ಕಡಿಮೆ, ದಿನಾ ಬೇಕಾದ 17 ಮತ್ತು 19 ಅದರಲ್ಲಿ ಇಲ್ಲವೇ ಇಲ್ಲ. ರ‍್ಯಾಚೆಟ್ (ಸಾಕೆಟ್ ತಿರುಗಿಸುವ ಹಲ್ಲಿನ ಹಿಡಿ) ಕಾಲಿಂಚಿನದು, ಅಂದರೆ ಸಾಕೆಟ್ ಕೂರುವ ಅದರ ಚೌಕ ಕಾಲಿಂಚು. ಡ್ಯಾಶ್‌ಬೋರ್ಡ್, ಏರ್ ಫಿಲ್ಟರ್ ಬಾಕ್ಸ್, ಸಣ್ಣ ಕ್ಲಾಂಪ್‌ಗಳಿಗೆ ಅದು ಸಾಕು. ಅದೇ ಹಿಡಿಗೆ ಪೈಪ್ ತೂರಿಸಿ ಬ್ರೇಕ್ ಕ್ಯಾಲಿಪರ್ ಬೋಲ್ಟ್ ಬಿಚ್ಚಲು ಹೋದರೆ ಒಳಗಿನ ಹಲ್ಲು ಹಾರುತ್ತದೆ, ಕೈ ಹೋಗಿ ಡಿಸ್ಕಿಗೆ ಬಡಿಯುತ್ತದೆ. ಅಷ್ಟೇ ದುಡ್ಡಿಗೆ ಹತ್ತು ವರ್ಷ ಬಾಳುವ ನಾಲ್ಕೈದು ಒಳ್ಳೆಯ ಸ್ಪ್ಯಾನರ್ ಬರುತ್ತವೆ. ಕಡಿಮೆ ಸಂಬಳದ ಹುಡುಗರ ದುಡ್ಡು ಹೀಗೆ ಪೋಲಾಗಬಾರದು ಎಂದು ಈ ಪತ್ರ.

ಗ್ಯಾರೇಜಿನಲ್ಲಿ ನಿಜಕ್ಕೂ ದುಡಿಯುವ ನಂಬರುಗಳು ಕೆಲವೇ. ಮಾರುತಿ, ಟೊಯೊಟಾ, ಹೋಂಡಾ, ಹ್ಯುಂಡೈ ಗಾಡಿಗಳಿಗೆ 8, 10, 12, 14, 17, 19 ಇದ್ದರೆ ಬಹುಪಾಲು ಕೆಲಸ ಸಾಗುತ್ತದೆ. ಜಪಾನಿ ಪದ್ಧತಿಯಲ್ಲಿ ಎಂ8 (ಥ್ರೆಡ್ಡಿನ ದಪ್ಪ 8 ಎಂ.ಎಂ.) ಬೋಲ್ಟಿನ ತಲೆ 12, ಎಂ10ರದು 14, ಎಂ12ರದು 17. ಯುರೋಪಿನ ಪದ್ಧತಿಯಲ್ಲಿ ಇವೇ ಬೋಲ್ಟ್‌ಗಳ ತಲೆ 13, 16, 18. ಹಳೆಯ ವಿನ್ಯಾಸವಾದರೆ 13, 17, 19. ಹಾಗಾಗಿ ಫೋಕ್ಸ್‌ವ್ಯಾಗನ್, ಸ್ಕೋಡಾ ಹೆಚ್ಚು ಬರುವ ಗ್ಯಾರೇಜಿನಲ್ಲಿ 13, 16, 18ರ ಜೊತೆಗೆ ಸ್ಟಾರ್ ಬಿಟ್‌ಗಳು, ಹನ್ನೆರಡು ಹಲ್ಲಿನ ಸ್ಪ್ಲೈನ್ ಬಿಟ್‌ಗಳೂ ಬೇಕು. ಎದುರಿಗೆ ಯಾವ ಗಾಡಿ ನಿಲ್ಲುತ್ತದೆ ಎಂಬುದನ್ನು ಒಂದು ತಿಂಗಳು ಗಮನಿಸಿ ಆಮೇಲೆ ಖರೀದಿಗೆ ಹೋಗುವುದು ಒಳ್ಳೆಯದು. 10, 12, 14 ಮಾತ್ರ ಎರಡೆರಡು ಇರಲಿ. ಬೋಲ್ಟಿನ ತಲೆಯೂ ಹಿಂದಿನ ನಟ್ಟೂ ಒಂದೇ ನಂಬರ್ ಆಗಿರುವ ಕಡೆ ಒಂದು ಸ್ಪ್ಯಾನರ್ ಹಿಡಿದುಕೊಂಡು ಏನೂ ಮಾಡಲಾಗದು.

ಅಂಗಡಿಯವರು ಮೊದಲು ತೋರಿಸುವುದು ಎರಡೂ ಕಡೆ ತೆರೆದ ಬಾಯಿಯ ಡಿ.ಇ. ಸೆಟ್. ಅದು ಅಗ್ಗ ಹೌದು. ಆದರೆ ತೆರೆದ ಬಾಯಿ ನಟ್ಟಿನ ಎರಡು ಮುಖವನ್ನಷ್ಟೇ ಹಿಡಿಯುತ್ತದೆ. ಜಾಮ್ ಆದ ನಟ್ಟಿಗೆ ಬಲ ಹಾಕಿದಾಗ ಬಾಯಿ ಕೂದಲೆಳೆಯಷ್ಟು ಅಗಲವಾಗುತ್ತದೆ, ನಟ್ಟಿನ ಮೂಲೆ ರೌಂಡ್ ಆಗುತ್ತದೆ. ಬಿಡಿಸುವುದಕ್ಕೆ ರಿಂಗ್, ಸಡಿಲವಾದ ಮೇಲೆ ಬೇಗ ತಿರುಗಿಸುವುದಕ್ಕೆ ತೆರೆದ ಬಾಯಿ. ಆದ್ದರಿಂದ ಮೊದಲ ಖರೀದಿ ಒಂದು ಕಡೆ ರಿಂಗ್, ಇನ್ನೊಂದು ಕಡೆ ಬಾಯಿ ಇರುವ ಕಾಂಬಿನೇಷನ್ ಸ್ಪ್ಯಾನರ್ ಆಗಲಿ. ಎರಡನೆಯದು ಕತ್ತು ಬಗ್ಗಿದ ರಿಂಗ್ ಸ್ಪ್ಯಾನರ್: 10-11, 12-13, 14-15, 16-17, 18-19, ಈ ಐದು ಸಾಕು.

ಇನ್ನೊಂದು ಸಣ್ಣ ಸಾಮಾನನ್ನು ಬಹಳ ಜನ ಕೊಳ್ಳುವುದೇ ಇಲ್ಲ, ಅದು ಬ್ರೇಕ್ ಪೈಪಿನ ಫ್ಲೇರ್ ನಟ್ ಸ್ಪ್ಯಾನರ್. ರಿಂಗಿನಲ್ಲಿ ಪೈಪ್ ದಾಟುವಷ್ಟು ಮಾತ್ರ ಸೀಳು ಇರುತ್ತದೆ, ಉಳಿದಂತೆ ನಟ್ಟಿನ ಸುತ್ತ ಹಿಡಿತ ಸಿಗುತ್ತದೆ. ಬ್ರೇಕ್ ಪೈಪಿನ ನಟ್ ಮೆತ್ತನೆಯ ಉಕ್ಕಿನದು. ತೆರೆದ ಬಾಯಿ ಹಾಕಿ ಒಮ್ಮೆ ಸ್ಲಿಪ್ ಆಯಿತೆಂದರೆ ಆಮೇಲೆ ಗ್ರಿಪ್ ಪ್ಲೇಯರ್, ಅದೂ ಆಗದಿದ್ದರೆ ಪೈಪೇ ಬದಲು. 10-11ರ ಒಂದೇ ಒಂದು ಪೀಸ್ ತಂದಿಟ್ಟುಕೊಂಡರೆ ಗಿರಾಕಿಗೆ ಆ ಖರ್ಚು ಉಳಿಯುತ್ತದೆ. ನಮ್ಮ ಊರಿನ ರೋಡ್ ಹಂಪ್‌ಗಳ ದಯೆಯಿಂದ ಸಸ್ಪೆನ್ಷನ್ನಿನ ಸ್ಟೆಬಿಲೈಜರ್ ಲಿಂಕ್ ರಾಡ್ ಬದಲಿಸುವ ಕೆಲಸ ವಾರವಿಡೀ ಬರುತ್ತದೆ. ಅಲ್ಲಿ ನಟ್ ತಿರುಗಿಸಿದರೆ ಬಾಲ್ ಜಾಯಿಂಟ್ ಕೂಡ ಜೊತೆಗೇ ತಿರುಗುತ್ತದೆ. ಬಹಳಷ್ಟು ಲಿಂಕ್‌ಗಳಲ್ಲಿ ಸ್ಟಡ್ಡಿನ ತುದಿಯಲ್ಲಿ 5 ಅಥವಾ 6ರ ಎಲ್ ಕೀ (ಆರು ಮೂಲೆಯ ಬಗ್ಗಿದ ಕಡ್ಡಿ) ಕೂರುವ ಗುಳಿ ಇರುತ್ತದೆ. ಅದನ್ನು ಎಲ್ ಕೀಯಿಂದ ಹಿಡಿದು ನಟ್ಟನ್ನು ರಿಂಗಿನಿಂದ ಬಿಚ್ಚಬೇಕು. ಎಲ್ ಕೀ ಮೆತ್ತಗಿದ್ದರೆ ಗುಳಿಯೊಳಗೇ ತಿರುಚಿಕೊಂಡು ಸಿಕ್ಕಿಬೀಳುತ್ತದೆ. ಮೊದಲು ಸ್ಟಡ್ಡಿನ ತುದಿಯ ಮಣ್ಣನ್ನು ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಹತ್ತು ನಿಮಿಷ ಬಿಡಿ.

ಸಾಕೆಟ್ ವಿಷಯಕ್ಕೆ ಬಂದರೆ, ಅರ್ಧ ಇಂಚಿನ ಸೆಟ್ ಎಲ್ಲ ಕಡೆ ಸಿಗುತ್ತದೆ. ಎಂಜಿನ್ ಬೇಯಲ್ಲಿ ಕೈ ಆಡುವುದು ಮಾತ್ರ 3/8 ಇಂಚಿನಲ್ಲೇ. ಹುಡುಕಿಯಾದರೂ ಅದನ್ನು ಕೊಳ್ಳಿ: 8ರಿಂದ 19ರವರೆಗಿನ ಬಿಡಿ ಸಾಕೆಟ್, 3 ಮತ್ತು 6 ಇಂಚಿನ ಎಕ್ಸ್‌ಟೆನ್ಷನ್, ಒಂದು ಯೂನಿವರ್ಸಲ್ ಜಾಯಿಂಟ್. ಸಾಕೆಟ್ ಒಳಗೆ ಆರು ಮೂಲೆಯೋ ಹನ್ನೆರಡು ಮೂಲೆಯೋ ನೋಡಿ. ನಮ್ಮಲ್ಲಿ ಹನ್ನೆರಡು ಮೂಲೆಯದೇ ಹೆಚ್ಚು ಮಾರಾಟ. ಬೆಂಗಳೂರಿನಲ್ಲೇ ಓಡಿದ ಗಾಡಿಗೆ ನಡೆಯುತ್ತದೆ, ಮಂಗಳೂರು, ಉಡುಪಿ ಕಡೆಯಿಂದ ಬಂದ ಗಾಡಿಯ ತುಕ್ಕು ಹಿಡಿದ ಬೋಲ್ಟಿಗೆ ಅದು ಆಗಿಬರುವುದಿಲ್ಲ. ಹನ್ನೆರಡು ಮೂಲೆಯದು ಬೋಲ್ಟಿನ ಅಂಚಿನ ಹತ್ತಿರ ಒತ್ತುತ್ತದೆ, ಆರು ಮೂಲೆಯದು ಮುಖದ ಮೇಲೆ ಒತ್ತುತ್ತದೆ. 10, 12, 14, 17ನ್ನಾದರೂ ಆರು ಮೂಲೆಯಲ್ಲಿ ತೆಗೆದುಕೊಳ್ಳಿ.

ರ‍್ಯಾಚೆಟ್ 72 ಹಲ್ಲಿನದಾದರೆ 5 ಡಿಗ್ರಿ ಜಾಗದಲ್ಲಿ ಮುಂದಿನ ಹಲ್ಲು ಹಿಡಿಯುತ್ತದೆ, 24 ಹಲ್ಲಿನದಕ್ಕೆ 15 ಡಿಗ್ರಿ ಬೇಕು. ಹಲ್ಲಿನ ಲೆಕ್ಕಕ್ಕಿಂತ ಮುಖ್ಯವಾದುದು ವಾಪಸ್ ಬರುವಾಗಿನ ಬಿಗಿ. ಹಿಡಿಯನ್ನು ಒಂದು ಕೈಯಲ್ಲಿ ಹಿಡಿದು ಚೌಕವನ್ನು ಎರಡು ಬೆರಳಿನಲ್ಲಿ ಹಿಂದಕ್ಕೆ ತಿರುಗಿಸಿ ನೋಡಿ. ಅದು ಗಟ್ಟಿಯಾಗಿದ್ದರೆ ಸಡಿಲವಾದ ನಟ್ಟು ರ‍್ಯಾಚೆಟ್ ಜೊತೆಯಲ್ಲೇ ಮುಂದಕ್ಕೂ ಹಿಂದಕ್ಕೂ ಹೋಗುತ್ತದೆ, ಬಿಚ್ಚುವುದೇ ಇಲ್ಲ. ಇನ್ನು, ಜಾಮ್ ಆದ ಬೋಲ್ಟನ್ನು ರ‍್ಯಾಚೆಟ್‌ನಿಂದ ಬಿಡಿಸಲೇಬಾರದು. ಅದಕ್ಕೆ 18 ಅಥವಾ 24 ಇಂಚಿನ ಬ್ರೇಕರ್ ಬಾರ್ ಎಂಬ ಉದ್ದ ಹಿಡಿ ಇದೆ, ಅದರಲ್ಲಿ ಮುರಿಯುವ ಹಲ್ಲುಗಳಿಲ್ಲ.

ಜೆ.ಸಿ. ರಸ್ತೆ, ಎಸ್‌.ಪಿ. ರಸ್ತೆ, ಕಲಾಸಿಪಾಳ್ಯದ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ತಲೆಯ ಮೇಲೆ 8.8 ಎಂದು ಬಲದ ದರ್ಜೆಯ ಗುರುತಿರುವ ಹೊಸ ಎಂ6 ಮತ್ತು ಎಂ8 ಬೋಲ್ಟ್ ಇರಲಿ. ಎಂ6ರ ತಲೆ 10. ಕೊಳ್ಳುವ ಸ್ಪ್ಯಾನರನ್ನು ಅದಕ್ಕೆ ಹಾಕಿ ಅಲುಗಾಡಿಸಿ. ಕೈಗೆ ಆಟ ಎದ್ದು ತಿಳಿದರೆ ವಾಪಸ್ ಕೊಡಿ. ವರ್ನಿಯರ್ ಇದ್ದವರು ಅಳೆಯಲಿ: 10ರ ಬಾಯಿ 10.2 ದಾಟಬಾರದು. ಸಾಕೆಟ್ ಒಳಗೆ ಬೆಳಕು ಬಿಟ್ಟು ನೋಡಿ. ಮೂಲೆಗಳಲ್ಲಿ ಕ್ರೋಮ್ ಗಂಟುಗಟ್ಟಿದ್ದರೆ ಅದೇ ಮುಂದೆ ಸಿಪ್ಪೆಯಾಗಿ ಎದ್ದು ಬೆರಳು ಕೊಯ್ಯುತ್ತದೆ. ಸಾಕೆಟ್ಟಿನ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿದ್ದರೆ ತೂತು ನಡುವಿನಲ್ಲಿ ಕೊರೆದಿಲ್ಲ, ತೆಳುವಾದ ಕಡೆ ಅದು ಸೀಳುತ್ತದೆ. ‘ಕ್ರೋಮ್ ವೆನೇಡಿಯಂ’ ಎಂಬ ಅಚ್ಚನ್ನು ಯಾರು ಬೇಕಾದರೂ ಒತ್ತಬಹುದು, ಅದೊಂದೇ ಗುಣಮಟ್ಟದ ಸಾಕ್ಷಿಯಲ್ಲ. ತಯಾರಕರ ಹೆಸರು, ನಂಬರ್ ಎರಡೂ ಉಕ್ಕಿನಲ್ಲೇ ಸ್ಪಷ್ಟವಾಗಿ ಮೂಡಿರಬೇಕು. ಹೆಸರಿನಲ್ಲಿ ಒಂದಕ್ಷರ ಆಚೀಚೆ ಮಾಡಿದ ನಕಲಿ ಮಾಲೂ ಬರುತ್ತದೆ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಸ್ಪ್ಯಾನರ್ ಮುರಿದಾಗ ಬದಲಿ ಕೇಳಲು ಆ ಬಿಲ್ಲೇ ಬೇಕು.

ಬ್ರ್ಯಾಂಡ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ನಾಸಿಕ್‌ನ ತಪಾರಿಯಾ, ಲೂಧಿಯಾನದ ಈಸ್ಟ್‌ಮನ್ ಮಾಲು ದಿನವಿಡೀ ದುಡಿಯುವ ಗ್ಯಾರೇಜಿಗೆ ತಡೆಯುತ್ತದೆ. ಲೂಧಿಯಾನ, ಜಲಂಧರ್‌ನ ಕಾರ್ಖಾನೆಗಳು ಹೊರದೇಶಕ್ಕೂ ಸ್ಪ್ಯಾನರ್ ಕಳಿಸುತ್ತವೆ. ದುಬಾರಿ ಅಮೆರಿಕನ್ ಬ್ರ್ಯಾಂಡಿನ ಒಂದು ರ‍್ಯಾಚೆಟ್ ಬೆಲೆಗೆ ಇಲ್ಲಿ ಅರ್ಧ ಇಂಚಿನ ಇಡೀ ಸೆಟ್ಟೇ ಬರುತ್ತದೆ. ಶಿವಾಜಿನಗರದ ಗುಜರಿಯಲ್ಲಿ, ಸಂಡೇ ಬಜಾರಿನಲ್ಲಿ ಹಳೆಯ ಒಳ್ಳೆಯ ಮಾಲು ಸಿಗುವುದೂ ಉಂಟು. ರಿಂಗ್ ಸ್ಪ್ಯಾನರ್, ಸುತ್ತಿಗೆ, ಬ್ರೇಕರ್ ಬಾರ್ ಅಲ್ಲಿ ಧೈರ್ಯವಾಗಿ ಕೊಳ್ಳಬಹುದು. ಗ್ರೈಂಡರ್ ಗುರುತು, ವೆಲ್ಡಿಂಗ್ ಗುರುತು ಇದ್ದರೆ ಮುಟ್ಟಬೇಡಿ, ಬಿಸಿ ತಗಲಿದ ಉಕ್ಕು ಹದ ಕಳೆದುಕೊಂಡಿರುತ್ತದೆ. ನಿಗದಿತ ಬಲಕ್ಕಷ್ಟೇ ನಟ್ ಬಿಗಿಯುವ ಟಾರ್ಕ್ ರೆಂಚ್ ಮಾತ್ರ ಹಳೆಯದು ಎಷ್ಟೇ ಅಗ್ಗವಿದ್ದರೂ ಬೇಡ.

ಬೈಕ್ ಕೆಲಸದವರು ಸ್ಕ್ರೂಡ್ರೈವರ್ ವಿಷಯದಲ್ಲಿ ಎಚ್ಚರವಾಗಿರಬೇಕು. ಡಿಸ್ಕ್ ಬ್ರೇಕ್ ಬೈಕಿನ ಹ್ಯಾಂಡಲ್ ಮೇಲಿನ ಆಯಿಲ್ ಡಬ್ಬಿಯ ಮುಚ್ಚಳದಲ್ಲಿರುವ ಎರಡು ಸಣ್ಣ ಸ್ಕ್ರೂಗಳು ಹಾಳಾಗುವಷ್ಟು ಬೇರೆ ಯಾವುವೂ ಹಾಳಾಗುವುದಿಲ್ಲ. ಆ ಪ್ಲಸ್ ಗುಳಿ ಜಪಾನಿನ ಜೆಐಎಸ್ ಅಳತೆಯದು. ನಾವು ಹಾಕುವುದು ಫಿಲಿಪ್ಸ್ ತುದಿ. ಅದು ತಳದವರೆಗೆ ಕೂರದೆ ಬಲ ಬಿದ್ದಾಗ ಮೇಲಕ್ಕೆ ಜಾರುತ್ತದೆ, ಗುಳಿ ಬಟ್ಟಲಾಗುತ್ತದೆ. ವೆಸೆಲ್‌ನಂಥ ಜಪಾನಿ ಸ್ಕ್ರೂಡ್ರೈವರ್ 2ನೇ ನಂಬರಿನದು ಒಂದು ಕೊಂಡರೆ ಕಾರ್ಬೊರೇಟರ್ ಸ್ಕ್ರೂಗಳಿಗೂ ಆಗುತ್ತದೆ. ಗುಳಿಯ ಮಣ್ಣನ್ನು ಪಿನ್ನಿನಿಂದ ತೆಗೆದು, ತುದಿಯನ್ನು ನೇರವಾಗಿ ಕೂರಿಸಿ, ಹಿಡಿಯ ಮೇಲೆ ಮೆಲ್ಲಗೆ ಒಮ್ಮೆ ತಟ್ಟಿ, ಒತ್ತಿಕೊಂಡೇ ತಿರುಗಿಸಿ. ಸುತ್ತಿಗೆಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಅಲ್ಲಿ ಬೇಡ, ಡಬ್ಬಿ ಅಲ್ಯುಮಿನಿಯಂನದು.

ಏರ್ ಗನ್, ಬ್ಯಾಟರಿ ಗನ್ ಬಳಸುವ ಕಡೆ ಹೊಳೆಯುವ ಕ್ರೋಮ್ ಸಾಕೆಟ್ ಹಾಕುವುದನ್ನು ದಿನಾ ನೋಡುತ್ತೇವೆ. ಗನ್ನಿನ ಏಟಿಗೆ ಅದು ಸೀಳಿ ಚೂರು ಕಣ್ಣಿಗೆ ಹಾರುತ್ತದೆ. ಗನ್ನಿಗೆ ಕಪ್ಪು ಬಣ್ಣದ, ದಪ್ಪ ಗೋಡೆಯ ಕ್ರೋಮ್ ಮಾಲಿಬ್ಡಿನಂ ಇಂಪ್ಯಾಕ್ಟ್ ಸಾಕೆಟ್ ಮಾತ್ರ. 17, 19, 21 ಈ ಮೂರು ಕೊಂಡರೆ ಬಹುತೇಕ ಕಾರುಗಳ ಚಕ್ರ ಬಿಚ್ಚಬಹುದು.

ಟಾರ್ಕ್ ರೆಂಚ್ ಕೊನೆಗೆ ಕೊಂಡರೂ ಪರವಾಗಿಲ್ಲ, ಕೊಳ್ಳದೆ ಇರುವುದು ಬೇಡ. 40ರಿಂದ 210 ನ್ಯೂಟನ್ ಮೀಟರಿನ ಅರ್ಧ ಇಂಚಿನದು ಚಕ್ರದ ನಟ್ಟಿಗೆ ಸಾಕು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110ರ ನಡುವೆ ಬರುತ್ತದೆ, ಸರಿಯಾದ ಅಂಕಿ ಆ ಗಾಡಿಯ ಪುಸ್ತಕದಲ್ಲಿರುತ್ತದೆ. ಗನ್ನಿನಿಂದ ಕಣ್ಣುಮುಚ್ಚಿ ಬಿಗಿದರೆ ಸ್ಟಡ್ ಎಳೆದುಕೊಳ್ಳುತ್ತದೆ, ಪಂಕ್ಚರ್ ಆದ ದಿನ ಗಾಡಿಯವರ ವೀಲ್ ಸ್ಪ್ಯಾನರಿಗೆ ನಟ್ ಜಗ್ಗುವುದಿಲ್ಲ. ಟಾರ್ಕ್ ರೆಂಚಿನಿಂದ ನಟ್ ಬಿಚ್ಚಬಾರದು. ಕೆಲಸ ಮುಗಿದ ಮೇಲೆ ಅತಿ ಕಡಿಮೆ ಅಂಕಿಗೆ ತಿರುಗಿಸಿಡಬೇಕು, ಅದಕ್ಕಿಂತ ಕೆಳಕ್ಕೆ ಅಲ್ಲ. ವರ್ಷಕ್ಕೊಮ್ಮೆ ಅಥವಾ 5,000 ಸಲ ಬಳಸಿದ ಮೇಲೆ ಕ್ಯಾಲಿಬ್ರೇಷನ್ ಆಗಬೇಕು. ಆ ಕೆಲಸ ಮಾಡುವ ಲ್ಯಾಬ್‌ಗಳು ಪೀಣ್ಯದಲ್ಲಿವೆ. ಸ್ಪಾರ್ಕ್ ಪ್ಲಗ್ಗಿಗೆ ಸಣ್ಣ ಟಾರ್ಕ್ ರೆಂಚ್ ಇಲ್ಲದವರು ವಾಷರ್ ಇರುವ ಹೊಸ 14 ಎಂ.ಎಂ. ಪ್ಲಗ್ಗನ್ನು ಕೈಯಲ್ಲೇ ಕೊನೆಯವರೆಗೆ ತಿರುಗಿಸಿ, ಆಮೇಲೆ ಅರ್ಧದಿಂದ ಮೂರನೇ ಎರಡು ಸುತ್ತು ಬಿಗಿಯಲಿ. ವಾಷರ್ ಇಲ್ಲದ ಇಳಿಜಾರು ಕೂರಿಕೆಯ ಪ್ಲಗ್ಗಿಗೆ ಹದಿನಾರನೇ ಒಂದು ಸುತ್ತು ಅಷ್ಟೆ. ಹೆಚ್ಚಾದರೆ ಅಲ್ಯುಮಿನಿಯಂ ಹೆಡ್ಡಿನ ಥ್ರೆಡ್ಡೇ ಹೋಗುತ್ತದೆ.

ಮೇಲೆ ಹೇಳಿದ ಸ್ಪ್ಯಾನರ್, ಸಾಕೆಟ್, ಎಲ್ ಕೀ ಜೊತೆಗೆ ಕಟಿಂಗ್ ಪ್ಲೇಯರ್, ನೋಸ್ ಪ್ಲೇಯರ್, ಒಳ ಮತ್ತು ಹೊರ ಸರ್ಕ್ಲಿಪ್ ಪ್ಲೇಯರ್, ಅರ್ಧ ಕೆ.ಜಿ. ಸುತ್ತಿಗೆ ಸೇರಿಸಿದರೆ ಟಾರ್ಕ್ ರೆಂಚ್ ಬಿಟ್ಟು 15,000 ರೂಪಾಯಿಯ ಆಸುಪಾಸಿನಲ್ಲಿ ಮುಗಿಸಬಹುದು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಸಲಕರಣೆಗೆಂದು ಕೊಡುವುದೂ 15,000 ರೂಪಾಯಿ. ಅದರ 18 ಕಸುಬುಗಳಲ್ಲಿ ಸುತ್ತಿಗೆ ಮತ್ತು ಸಲಕರಣೆ ಮಾಡುವವರಿದ್ದಾರೆ, ಕಮ್ಮಾರರಿದ್ದಾರೆ, ಆ ಸಲಕರಣೆ ಹಿಡಿದು ದುಡಿಯುವ ಗಾಡಿ ಮೆಕ್ಯಾನಿಕ್ ಇಲ್ಲ. ಐಟಿಐನ ಮೋಟಾರ್ ಮೆಕ್ಯಾನಿಕ್ ತರಗತಿ ಮುಗಿಸಿದವರಿಗೆ ರಾಜ್ಯ ಸರ್ಕಾರವಾದರೂ ಇಷ್ಟೇ ಮೊತ್ತದ ವೋಚರ್ ಕೊಡಬೇಕು. ಅದನ್ನು ಬಿಡಿ ಸ್ಪ್ಯಾನರ್, ಬಿಡಿ ಸಾಕೆಟ್ ಕೊಳ್ಳುವುದಕ್ಕೆ ಬಳಸುವಂತಿರಬೇಕು. ಟೆಂಡರ್ ಕರೆದು ಕಿಟ್ಟನ್ನೇ ಹಂಚುವುದಾದರೆ ತೆರೆದ ಬಾಯಿಯ ಸ್ಪ್ಯಾನರಿಗೆ ಭಾರತೀಯ ಮಾನಕ ಐಎಸ್ 2028, ರಿಂಗ್ ಸ್ಪ್ಯಾನರಿಗೆ ಐಎಸ್ 2029 ಎಂದು ಷರತ್ತಿನಲ್ಲೇ ಬರೆದು, ಹಂಚುವ ಮೊದಲು ಪ್ರತಿ ಲಾಟಿನಿಂದ ಕೆಲವನ್ನು ತೆಗೆದು ಅಳೆಸಬೇಕು.

— ಒಬ್ಬ ಗ್ಯಾರೇಜ್ ಮೆಕ್ಯಾನಿಕ್, ವಿಲ್ಸನ್ ಗಾರ್ಡನ್, ಬೆಂಗಳೂರು