ರಾಗಿ ಬಿಸ್ಕತ್ತಿನ ಪ್ಯಾಕೆಟ್ಟಿನ ಮೇಲಿನ ‘ಶೇ. 7’ರ ಬಗ್ಗೆ ದೂರು

ಇವರಿಂದ:
ದಿನಸಿ ಅಂಗಡಿ ಮಾಲೀಕ,
ಗೋಣಿಕೊಪ್ಪಲು, ಪೊನ್ನಂಪೇಟೆ ತಾಲ್ಲೂಕು,
ಕೊಡಗು ಜಿಲ್ಲೆ.

ಇವರಿಗೆ:
ಮುಖ್ಯಸ್ಥರು, ಗ್ರಾಹಕ ಸಂಪರ್ಕ ವಿಭಾಗ,
ರಾಗಿ ಬಿಸ್ಕತ್ತು ತಯಾರಕ ಸಂಸ್ಥೆ.

ಮಾನ್ಯರೇ,

ವಿಷಯ: ತಮ್ಮ ರಾಗಿ ಬಿಸ್ಕತ್ತಿನ ಪೌಷ್ಟಿಕಾಂಶ ಪಟ್ಟಿಯನ್ನು ಗ್ರಾಹಕರು ತಪ್ಪಾಗಿ ಓದುತ್ತಿರುವುದು ಮತ್ತು ಅದನ್ನು ಸರಿಪಡಿಸುವಂತೆ ಕೋರಿಕೆ.

ನಾನು ಗೋಣಿಕೊಪ್ಪಲಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ದಿನಸಿ ಅಂಗಡಿ ನಡೆಸಿಕೊಂಡು ಬಂದಿದ್ದೇನೆ. ತಮ್ಮ ರಾಗಿ ಬಿಸ್ಕತ್ತನ್ನು ಮಾರಲು ತೊಡಗಿ ಎರಡು ವರ್ಷವಾಯಿತು. ಬಿಸ್ಕತ್ತಿನ ರುಚಿ, ತಾಜಾತನ, ಸರಬರಾಜು ಯಾವುದರ ಬಗ್ಗೆಯೂ ನನ್ನ ತಕರಾರಿಲ್ಲ. ಪ್ಯಾಕೆಟ್ಟಿನ ಹಿಂಬದಿಯಲ್ಲಿ ತಾವು ಅಚ್ಚು ಹಾಕಿಸಿರುವ ಪಟ್ಟಿಯಲ್ಲಿ ಅಂಕಿಗಳು ಸರಿಯಾಗಿಯೇ ಇದ್ದರೂ ಅದನ್ನು ಓದಿದವರು ತಪ್ಪು ತಿಳಿವಳಿಕೆಯೊಂದಿಗೆ ಮನೆಗೆ ಹೋಗುತ್ತಿದ್ದಾರೆ. ಹಾಗೆ ತಪ್ಪಾಗಿ ಓದಿದವರಲ್ಲಿ ನಾನೂ ಒಬ್ಬ. ನಾನು ಓದಿ ಹೇಳಿದ್ದನ್ನು ನಂಬಿ ಒಬ್ಬ ಹಿರಿಯರು ನಾಲ್ಕು ತಿಂಗಳು ಆ ಬಿಸ್ಕತ್ತನ್ನು ತಿಂದರು.

ಅವರು ಕಾಫಿ ತೋಟವೊಂದರಲ್ಲಿ ರೈಟರ್ (ಗುಮಾಸ್ತ) ಆಗಿದ್ದು ನಿವೃತ್ತರಾದವರು. ಸಕ್ಕರೆ ಕಾಯಿಲೆ ಬಂದು ಏಳೆಂಟು ವರ್ಷವಾಗಿದೆ. ಕಕ್ಕಡ ತಿಂಗಳ ಮಳೆ ಹಿಡಿದ ಮೇಲೆ ಅವರಿಗೆ ಬೆಳಗಿನ ತಿರುಗಾಟ ನಿಂತುಹೋಗುತ್ತದೆ, ಸಂಜೆ ಕಾಫಿಯ ಜೊತೆ ಏನಾದರೂ ಬೇಕೆನಿಸುತ್ತದೆ. ಅಂಥ ಒಂದು ಸಂಜೆ, ಕರೆಂಟ್ ಹೋಗಿದ್ದಾಗ, ಅವರು ತಮ್ಮ ಸಂಸ್ಥೆಯ ಬಿಸ್ಕತ್ತಿನ ಪ್ಯಾಕೆಟ್ಟನ್ನು ನನ್ನ ಕೈಗೆ ಕೊಟ್ಟು, ‘ಇದರಲ್ಲಿ ಸಕ್ಕರೆ ಎಷ್ಟಿದೆ, ಸ್ವಲ್ಪ ನೋಡಿ ಹೇಳಪ್ಪ’ ಎಂದರು. ಪಟ್ಟಿಯ ಅರ್ಧ ಭಾಗ ಪ್ಯಾಕೆಟ್ಟಿನ ಅಂಟಿನ ಮಡಿಕೆಯ ಕೆಳಗೆ ಹೋಗಿತ್ತು. ಮಡಿಕೆ ಎತ್ತಿ, ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಸೇರಿಸಿದ ಸಕ್ಕರೆಯ ಸಾಲಿನ ಕೊನೆಯಲ್ಲಿ ‘7%’ ಎಂದಿತ್ತು. ‘ನೂರಕ್ಕೆ ಏಳೇ ಇರೋದು, ಸರ್’ ಎಂದೆ. ಪ್ಯಾಕೆಟ್ಟಿನ ಮುಂಭಾಗದಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ‘ಸಂಸ್ಕರಿಸಿದ ಸಕ್ಕರೆ ಇಲ್ಲ’ ಎಂದೂ ಇತ್ತಲ್ಲ. ಅವರು ಒಮ್ಮೆಗೇ ಮೂರು ಪ್ಯಾಕೆಟ್ ಕೊಂಡರು, ಅಂದಿನಿಂದ ತಪ್ಪದೆ ಕೊಳ್ಳುತ್ತಾ ಬಂದರು.

ಕಳೆದ ತಿಂಗಳ ರಕ್ತಪರೀಕ್ಷೆಯಲ್ಲಿ ಅವರ ಸಕ್ಕರೆ ಪ್ರಮಾಣ ಮೊದಲಿಗಿಂತ ಬಹಳ ಏರಿತ್ತು. ಬಿಸ್ಕತ್ತೊಂದರಿಂದಲೇ ಏರಿತೆಂದು ನಾನು ಹೇಳುವುದಿಲ್ಲ. ನಡಿಗೆ ನಿಂತದ್ದೂ ಇದೆ, ವಯಸ್ಸೂ ಇದೆ. ಆದರೆ ಏನೇನು ತಿನ್ನುತ್ತೀರಿ ಎಂದು ಕೇಳಿದ ವೈದ್ಯರು ಬಿಸ್ಕತ್ತಿನ ಪ್ಯಾಕೆಟ್ಟನ್ನು ತರಿಸಿ ನೋಡಿ, ಅದರ ಮೇಲೆ ನೀಲಿ ಪೆನ್ನಿನಿಂದ ಒಂದು ಅಂಕಿಗೆ ಸುತ್ತು ಹಾಕಿ ಕಳಿಸಿದ್ದರು. ಹಿರಿಯರು ಅದನ್ನು ನನ್ನ ಗಲ್ಲಾ ಪೆಟ್ಟಿಗೆಯ ಮೇಲಿಟ್ಟರು. ಒಂದು ಮಾತೂ ಬೈಯಲಿಲ್ಲ. ಸುತ್ತು ಹಾಕಿದ್ದ ಅಂಕಿ 24. ನೂರು ಗ್ರಾಂ ಬಿಸ್ಕತ್ತಿನಲ್ಲಿ ಒಟ್ಟು ಸಕ್ಕರೆ 24 ಗ್ರಾಂ, ಅದರಲ್ಲಿ ಸೇರಿಸಿದ್ದೇ 22 ಗ್ರಾಂ. ನಾನು ‘ನೂರಕ್ಕೆ ಏಳು’ ಎಂದು ಹೇಳಿದ ಬಿಸ್ಕತ್ತಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಸಕ್ಕರೆಯೇ ಇತ್ತು.

ಹಾಗಾದರೆ ಆ ಏಳು ಎಲ್ಲಿಂದ ಬಂತು ಎಂದು ತಿಳಿದುಕೊಳ್ಳಲು ನನಗೆ ಎರಡು ರಾತ್ರಿ ಹಿಡಿಯಿತು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮಗಳ ಪ್ರಕಾರ ದಿನಕ್ಕೆ 2000 ಕಿಲೋ ಕ್ಯಾಲರಿ ಬೇಕಿರುವ ಒಬ್ಬ ವ್ಯಕ್ತಿಯನ್ನು ಲೆಕ್ಕಕ್ಕೆ ಹಿಡಿದು, ಅವರ ದಿನದ ಮಿತಿ ಸೇರಿಸಿದ ಸಕ್ಕರೆ 50 ಗ್ರಾಂ, ಒಟ್ಟು ಕೊಬ್ಬು 67 ಗ್ರಾಂ, ಸೋಡಿಯಂ 2000 ಮಿಲಿಗ್ರಾಂ ಎಂದು ಇಟ್ಟುಕೊಂಡು, ಒಂದು ಸರ್ವಿಂಗ್ ತಿಂದರೆ ಅದರಲ್ಲಿ ಶೇಕಡಾ ಎಷ್ಟು ಆಗುತ್ತದೆಂದು ತೋರಿಸಬೇಕು. ತಾವು ಎರಡು ಬಿಸ್ಕತ್ತನ್ನು, ಎಂದರೆ 15 ಗ್ರಾಮನ್ನು, ಒಂದು ಸರ್ವಿಂಗ್ ಎಂದು ಹೇಳಿದ್ದೀರಿ. ಅದರಲ್ಲಿ ಸೇರಿಸಿದ ಸಕ್ಕರೆ 3.3 ಗ್ರಾಂ, ಐವತ್ತರ ಲೆಕ್ಕದಲ್ಲಿ ಅದು ಶೇ. 7 ಆಗುತ್ತದೆ. ಲೆಕ್ಕ ಸರಿಯಾಗಿದೆ. ಆದರೆ ಹೀಗೆ ಲೆಕ್ಕ ಬಿಡಿಸಿಕೊಂಡು ಓದುವವರು ಅಂಗಡಿಯ ಮುಂದೆ ಯಾರಿದ್ದಾರೆ? ಶೇಕಡಾ ಚಿಹ್ನೆ ಕಂಡರೆ ನಾವೆಲ್ಲ ‘ಈ ವಸ್ತುವಿನಲ್ಲಿ ಇಷ್ಟು ಇದೆ’ ಎಂದೇ ತಿಳಿಯುತ್ತೇವೆ, ಹಾಲಿನ ಕೊಬ್ಬಿನ ಅಂಶವನ್ನು ಓದುವುದೂ ಹಾಗೆಯೇ. ಒಂದೇ ಪಟ್ಟಿಯಲ್ಲಿ ಪಕ್ಕಪಕ್ಕದ ಎರಡು ಕಂಬಸಾಲುಗಳ ಪೈಕಿ ಒಂದು ನೂರು ಗ್ರಾಮಿನ ಲೆಕ್ಕ, ಇನ್ನೊಂದು ಎರಡು ಬಿಸ್ಕತ್ತಿನ ಲೆಕ್ಕ ಎಂಬುದನ್ನು ಹೇಳುವ ಶೀರ್ಷಿಕೆಯೇ ಇಡೀ ಪಟ್ಟಿಯಲ್ಲಿ ಅತಿ ಸಣ್ಣ ಅಕ್ಷರದಲ್ಲಿದೆ.

ಆ ಹಿರಿಯರು ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು ಬಿಸ್ಕತ್ತು ತಿನ್ನುತ್ತಿದ್ದರು. ಅಷ್ಟರಲ್ಲೇ ಸಕ್ಕರೆ 14.4 ಗ್ರಾಂ, ಅಂದರೆ ಮೂರೂವರೆ ಟೀ ಚಮಚ. ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದನ್ನು ಅವರು ಬಿಟ್ಟು ಏಳು ವರ್ಷವಾಗಿದೆ.

ಇದು ಒಬ್ಬರ ವಿಷಯ ಮಾತ್ರವಲ್ಲ ಎಂಬುದಕ್ಕೆ ನಾನು ದಿನವೂ ಕಣ್ಣಾರೆ ಕಾಣುವುದನ್ನು ತಿಳಿಸುತ್ತೇನೆ. ಸಂತೆಯ ದಿನ ಸುತ್ತಲಿನ ತೋಟಗಳ ಲೈನ್ ಮನೆಗಳಿಂದ (ಕಾರ್ಮಿಕರ ಸಾಲುಮನೆಗಳಿಂದ) ಬರುವ ತಾಯಂದಿರು ಮಕ್ಕಳಿಗೆಂದು ತಮ್ಮ ಸಂಸ್ಥೆಯ ಹತ್ತು ರೂಪಾಯಿಯ ಸಣ್ಣ ಪ್ಯಾಕೆಟ್ಟನ್ನು ಕೊಳ್ಳುತ್ತಾರೆ. ಕೊಳ್ಳುವ ಮುಂಚೆ ಅವರು ನೋಡುವುದು ಬೆಲೆಯನ್ನು, ದಿನಾಂಕವನ್ನು, ರಾಗಿ ತೆನೆಯ ಚಿತ್ರವನ್ನು ಮತ್ತು ಹಸಿರು ಚುಕ್ಕಿಯನ್ನು. ಆ ಹಸಿರು ಚುಕ್ಕಿ ಸಸ್ಯಾಹಾರದ ಗುರುತು ಮಾತ್ರ, ಆರೋಗ್ಯಕ್ಕೆ ಒಳ್ಳೆಯದೆಂಬ ಗುರುತಲ್ಲ ಎಂದು ನಾನು ಎಷ್ಟು ಮಂದಿಗೆ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ಸಣ್ಣ ಪ್ಯಾಕೆಟ್ಟಿನಲ್ಲಿ ನಾಲ್ಕು ಬಿಸ್ಕತ್ತುಗಳಿವೆ. ಅದರ ಮೇಲೂ ಶೇ. 7 ಎಂದೇ ಇದೆ, ಏಕೆಂದರೆ ಅಲ್ಲಿಯೂ ಲೆಕ್ಕ ಎರಡು ಬಿಸ್ಕತ್ತಿನದ್ದು. ಎರಡನ್ನು ಮಗುವಿಗೆ ಕೊಟ್ಟು ಉಳಿದೆರಡನ್ನು ಮಡಿಸಿಡುವ ತಾಯಿಯನ್ನು ನಾನು ಕಂಡಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಒಡೆದ ಪ್ಯಾಕೆಟ್ಟಿನ ಬಿಸ್ಕತ್ತು ಒಂದು ಗಂಟೆಯಲ್ಲೇ ಮೆತ್ತಗಾಗುತ್ತದೆ. ಮೇಲಾಗಿ ಆ ಶೇಕಡಾವಾರು ಲೆಕ್ಕ 2000 ಕಿಲೋ ಕ್ಯಾಲರಿಯದ್ದು. ಅಂಗನವಾಡಿಗೆ ಹೋಗುವ ಮಗುವಿಗೆ ದಿನಕ್ಕೆ ಬೇಕಾಗುವುದು ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಆ ಮಗುವಿನ ಪಾಲಿಗೆ ಅದೇ ಸಕ್ಕರೆಯ ಭಾರ ಇನ್ನೂ ಹೆಚ್ಚು.

ರಾಗಿಯ ವಿಷಯವನ್ನೂ ಇಲ್ಲಿಯೇ ಹೇಳಬೇಕಾಗಿದೆ. ಒಳಗಿನ ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿರುವುದರಿಂದ ಕಡಿಮೆ ಇರುವುದರ ಕಡೆಗೆ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ತಮ್ಮ ಪಟ್ಟಿಯಲ್ಲಿ ಮೊದಲು ಮೈದಾ ಶೇ. 46, ನಂತರ ಬೆಲ್ಲ, ತಾಳೆ ಎಣ್ಣೆ, ಆಮೇಲೆ ರಾಗಿ ಹಿಟ್ಟು ಶೇ. 14 ಎಂದಿದೆ. ಈ ಕ್ರಮಕ್ಕೆ ಅರ್ಥವಿದೆ ಎಂದು ಗೊತ್ತಿಲ್ಲದವರಿಗೆ ಅದು ಬರೀ ಹೆಸರುಗಳ ಸಾಲು. ‘ಸಂಸ್ಕರಿಸಿದ ಸಕ್ಕರೆ ಇಲ್ಲ’ ಎಂಬ ಮಾತು ಅಕ್ಷರಶಃ ನಿಜವಿರಬಹುದು, ಏಕೆಂದರೆ ಬಳಸಿರುವುದು ಬೆಲ್ಲ. ಆದರೆ ಬೆಲ್ಲವೂ ರಕ್ತದಲ್ಲಿ ಸಕ್ಕರೆಯನ್ನು ಏರಿಸುತ್ತದೆ. ತಾವೇ ಹಿಂಬದಿಯಲ್ಲಿ 22 ಗ್ರಾಂ ‘ಸೇರಿಸಿದ ಸಕ್ಕರೆ’ ಎಂದು ಒಪ್ಪಿಕೊಂಡಿದ್ದೀರಿ. ನನ್ನನ್ನು ಹೆಚ್ಚು ನೋಯಿಸಿದ್ದು ಇದು: ಮಾರಾಟಕ್ಕೆ ಬೇಕಾದ ಮಾತನ್ನು ಮುಂಭಾಗದಲ್ಲಿ ಕನ್ನಡದಲ್ಲಿ ಬರೆಸಿದ ತಮಗೆ, ಕೊಳ್ಳುವವರು ತಿಳಿಯಬೇಕಾದ ಮಾತನ್ನು ಹಿಂಬದಿಯಲ್ಲಿ ಕನ್ನಡದಲ್ಲಿ ಬರೆಸಬೇಕೆಂದು ತೋಚಲಿಲ್ಲ.

ಈ ಬಗ್ಗೆ ತಮ್ಮ ಸಹಾಯವಾಣಿಗೆ ಎರಡು ಬಾರಿ ಕರೆ ಮಾಡಿದೆ. ‘ಲೇಬಲ್ ಎಲ್ಲ ನಿಯಮಗಳಿಗೂ ಅನುಗುಣವಾಗಿದೆ’ ಎಂಬ ಒಂದೇ ಉತ್ತರ ಎರಡು ಬಾರಿಯೂ ಬಂತು. ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ಸಾಕೆಂದು ನಿಯಮ ಹೇಳುತ್ತದೆ, ನಿಜ; ಬೇರೊಂದು ಭಾಷೆಯನ್ನು ಜೊತೆಗೆ ಬಳಸಲು ಅಡ್ಡಿಯಿಲ್ಲವೆಂದೂ ಅದೇ ನಿಯಮ ಹೇಳುತ್ತದೆ. ಚಿಲಿ ದೇಶದಲ್ಲಿ 2016ರಿಂದಲೇ ಸಕ್ಕರೆ, ಉಪ್ಪು, ಕೊಬ್ಬು ಮಿತಿ ಮೀರಿದ ಪ್ಯಾಕೆಟ್ಟಿನ ಮುಖದ ಮೇಲೆ ಕಪ್ಪು ಅಷ್ಟಕೋನದ ಮುದ್ರೆ ಇರುತ್ತದೆ. ನಮ್ಮಲ್ಲಿಯೂ 2022ರ ಸೆಪ್ಟೆಂಬರಿನಲ್ಲಿ ಪೌಷ್ಟಿಕತೆಗೆ ತಕ್ಕಂತೆ ಪ್ಯಾಕೆಟ್ಟಿನ ಮುಂಭಾಗದಲ್ಲಿ ನಕ್ಷತ್ರಗಳ ಗುರುತು ಹಾಕುವ ಕರಡು ನಿಯಮ ಪ್ರಕಟವಾಗಿತ್ತು. ಮುಂಭಾಗದಲ್ಲಿ ಒಂದು ಸಾಲು ಸತ್ಯ ಬರೆಯಲು ತಾವು ಕಡ್ಡಾಯದ ನಿಯಮಕ್ಕಾಗಿ ಕಾಯಬೇಕಾಗಿಲ್ಲ.

ಆದ್ದರಿಂದ ನನ್ನ ಕೋರಿಕೆ ಹೀಗಿದೆ. ಮುಂಭಾಗದಲ್ಲಿ ‘ಸಂಸ್ಕರಿಸಿದ ಸಕ್ಕರೆ ಇಲ್ಲ’ ಎಂಬ ಮಾತನ್ನು ತೆಗೆಯಬೇಕು, ಇಲ್ಲವೇ ಅದರ ಪಕ್ಕದಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ‘ಬೆಲ್ಲವಿದೆ, ಒಂದು ಬಿಸ್ಕತ್ತಿನಲ್ಲಿ ಸಕ್ಕರೆ 1.8 ಗ್ರಾಂ’ ಎಂದು ಕನ್ನಡದಲ್ಲಿ ಬರೆಯಬೇಕು. ಶೇಕಡಾ ಕಂಬಸಾಲಿನ ಮೇಲೆ ‘ಎರಡು ಬಿಸ್ಕತ್ತು ತಿಂದರೆ, ದೊಡ್ಡವರ ದಿನದ ಮಿತಿಯಲ್ಲಿ ಇಷ್ಟು’ ಎಂಬ ಅರ್ಥದ ಶೀರ್ಷಿಕೆ ಓದುವಂತಿರಬೇಕು. ಸಣ್ಣ ಪ್ಯಾಕೆಟ್ಟಿನ ಮೇಲೆ ಇಡೀ ಪ್ಯಾಕೆಟ್ಟಿನ ಲೆಕ್ಕ ಬೇಕು. ಪಟ್ಟಿ ಮಡಿಕೆಯ ಕೆಳಗೆ ಹೋಗದಂತೆ ನೋಡಿಕೊಳ್ಳುವುದು ಅಚ್ಚಿನವರಿಗೆ ಒಂದು ಮಾತು ಹೇಳಿದರೆ ಆಗುವ ಕೆಲಸ.

ನನ್ನ ಅಂಗಡಿಯಲ್ಲಿ ಈಗ ದೊಡ್ಡ ಪ್ಯಾಕೆಟ್ 31, ಸಣ್ಣ ಪ್ಯಾಕೆಟ್ 64 ಉಳಿದಿವೆ. ಅವನ್ನು ಕಪಾಟಿನಿಂದ ತೆಗೆದಿಟ್ಟಿದ್ದೇನೆ. ತಮ್ಮ ವಿತರಕರ ಮೂಲಕ ವಾಪಸು ಪಡೆದು ಹಣ ಹಿಂದಿರುಗಿಸಬೇಕು. ಮರುಮಾರಾಟಕ್ಕಾಗಿ ಕೊಳ್ಳುವ ನಾನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅರ್ಥದಲ್ಲಿ ಗ್ರಾಹಕನಲ್ಲ ಎಂಬುದು ನನಗೆ ಗೊತ್ತಿದೆ. ಆದರೆ ಆ ಹಿರಿಯರು ಗ್ರಾಹಕರು, ಮತ್ತು ಆ ಕಾಯ್ದೆಯಲ್ಲಿ ಜಾಹೀರಾತು ಎಂಬ ಪದಕ್ಕೆ ಲೇಬಲ್ ಹಾಗೂ ಹೊದಿಕೆಯೂ ಸೇರುತ್ತವೆ. ಈ ಪತ್ರ ತಲುಪಿದ ಮೂವತ್ತು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಅವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಲಿದ್ದಾರೆ, ಅಗತ್ಯಬಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಲಿದ್ದಾರೆ. ಅವರ ಜೊತೆಗೆ ನಾನೂ ಹೋಗಿ, ನಾನು ಓದಿ ಹೇಳಿದ್ದು ಏನೆಂದು ತಿಳಿಸುತ್ತೇನೆ.

ವೈದ್ಯರು ನೀಲಿ ಪೆನ್ನಿನಿಂದ ಸುತ್ತು ಹಾಕಿದ ಪ್ಯಾಕೆಟ್ಟಿನ ಹಿಂಬದಿಯನ್ನು ಕತ್ತರಿಸಿ ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಅದರ ಮಡಿಕೆಯನ್ನು ಬಿಡಿಸದೆ ಹಾಗೆಯೇ ಇಟ್ಟಿದ್ದೇನೆ. ಉತ್ತರ ಬರೆಯುವ ಮುನ್ನ ತಾವೇ ಅದನ್ನು ಎತ್ತಿ ಒಮ್ಮೆ ಓದಿ ನೋಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ದಿನಸಿ ಅಂಗಡಿ ಮಾಲೀಕ,
ಗೋಣಿಕೊಪ್ಪಲು.

ಲಗತ್ತು: ಪ್ಯಾಕೆಟ್ಟಿನ ಹಿಂಬದಿಯ ತುಂಡು, ಖರೀದಿ ಬಿಲ್ಲುಗಳ ನಕಲು.