ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ಆ ಬೋರ್ಡು ಬದಲಿಸಿ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ಟೈಲರ್. ಹದಿನಾಲ್ಕನೇ ವಯಸ್ಸಿನಲ್ಲಿ ನನಗೆ ತೊನ್ನು ಶುರುವಾಯಿತು. ಮೊದಲು ತುಟಿಯಂಚಿನಲ್ಲಿ ಕಡಲೆಬೇಳೆಯಷ್ಟು ಬಿಳಿ, ಆಮೇಲೆ ಕಣ್ಣಿನ ಸುತ್ತ, ಬೆರಳುಗಳ ಮೇಲೆ. ಮೀನು ತಿಂದು ಹಾಲು ಕುಡಿದಿರಬೇಕು ಅಂದರು ಅಜ್ಜಿ. ನಮ್ಮ ಮನೆಯಲ್ಲಿ ಮೀನು ಬೇಯಿಸಿದ್ದೇ ಇಲ್ಲ, ಹಾಗಾಗಿ ಪಕ್ಕದ ಮನೆಯವರ ಮೇಲೆ ಅನುಮಾನ ಬಂತು! ಸೋದರಮಾವ ನಾಗದೋಷ ಅಂದರು. ಕುಕ್ಕೆಗೂ ಹೋಗಿ ಬಂದೆವು.

ನಿಜ ಏನೆಂದರೆ, ತೊನ್ನಿನಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಮೇಲೆ ತಿರುಗಿಬೀಳುತ್ತದೆ, ಅಷ್ಟೇ. ಇದು ಅಂಟುವುದಿಲ್ಲ. ಕುಷ್ಠಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ಕೆಲವರು ಅಳತೆ ಕೊಡಲು ಅಂಗಡಿಗೆ ಬರುವುದಿಲ್ಲ, ಅಳತೆ ರವಿಕೆ ಕಳಿಸುತ್ತಾರೆ. ಒಮ್ಮೆ ವರಮಹಾಲಕ್ಷ್ಮಿ ಹಬ್ಬಕ್ಕೆ ಒಬ್ಬರ ಮನೆಗೆ ಹೋಗಿದ್ದೆ. ಸಾಲಾಗಿ ಕೂತವರಿಗೆಲ್ಲ ಆ ಮನೆಯಾಕೆ ಕೈಯಾರೆ ಕುಂಕುಮ ಇಡುತ್ತಾ ಬಂದರು. ನನ್ನ ಮುಂದೆ ಮಾತ್ರ ಬಟ್ಟಲು ಹಿಡಿದು 'ನೀವೇ ಇಟ್ಕೊಳ್ಳಿ' ಅಂದರು. ನಗುತ್ತಲೇ ಅಂದರು, ಕೆಟ್ಟವರೇನಲ್ಲ. ಆಮೇಲೆ ನಾನು ಅರಿಶಿನ ಕುಂಕುಮಕ್ಕೆ ಯಾರ ಮನೆಗೂ ಹೋಗಿಲ್ಲ. ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಅಮ್ಮ ನನ್ನನ್ನು ಚಿಕ್ಕಮ್ಮನ ಮನೆಗೆ ಕಳಿಸಿದ್ದರು, ಏನೋ ಕೆಲಸವಿದೆ ಅಂತ. ಅಲ್ಲಿ ಕೆಲಸವೇನೂ ಇರಲಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ನಾನು ಹೋಗುತ್ತಿದ್ದ ಸರ್ಕಾರಿ ಆಸ್ಪತ್ರೆಯ ಬಾಗಿಲ ಮೇಲೆ 'ಚರ್ಮ, ಗುಹ್ಯ ಮತ್ತು ಕುಷ್ಠರೋಗ ವಿಭಾಗ' ಅಂತ ಬರೆದಿದೆ. ಡಾಕ್ಟರುಗಳ ಓದಿನಲ್ಲಿ ಈ ಮೂರೂ ಒಟ್ಟಿಗೇ ಬರುತ್ತವೆ, ಗೊತ್ತು. ಕುಷ್ಠವೂ ಮಾತ್ರೆಯಿಂದ ವಾಸಿಯಾಗುವ ಕಾಯಿಲೆಯೇ, ನಾಚಿಕೆಪಡುವಂಥದ್ದಲ್ಲ. ಆದರೆ ಮದುವೆ ವಯಸ್ಸಿನ ಹುಡುಗಿ ಆ ಬೋರ್ಡಿನ ಕೆಳಗೆ ಕೂತಿರುವಾಗ ಊರಿನವರು ಕಂಡರೆ? ಮತ್ತೆ ಅವಳು ಬರುವುದಿಲ್ಲ. 'ಗ್ಯಾರಂಟಿ ವಾಸಿ' ಅಂತ ಗೋಡೆ ಮೇಲೆ ಬರೆಸಿದವರ ಹತ್ತಿರ ಹೋಗುತ್ತಾಳೆ.

ತೊನ್ನಿಗೆ ಬೆಳಕಿನ ಚಿಕಿತ್ಸೆ ಕೊಡುತ್ತಾರೆ, ಚರ್ಮದ ಮೇಲೆ ನೇರಳಾತೀತ ಬೆಳಕು ಬಿಡುವುದು. ಅದು ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ. ನಾನು ಎಂಟು ತಿಂಗಳು ಬಸ್ಸಿನಲ್ಲಿ ಓಡಾಡಿದೆ. ಹೋದ ದಿನವೆಲ್ಲ ಅಂಗಡಿ ಬಂದ್. ಮುಖಕ್ಕೆ ಬಣ್ಣ ಬಹುಪಾಲು ವಾಪಸ್ ಬಂತು, ಬೆರಳಿಗೆ ಬರಲಿಲ್ಲ. ಮುಲಾಮು ಹಚ್ಚಿದೆಯಾ ಅಂತ ಪ್ರತಿ ಸಲ ಕೇಳಿದರು. ನಿದ್ದೆ ಬರುತ್ತಾ ಅಂತ ಒಬ್ಬರೂ ಕೇಳಲಿಲ್ಲ. ಬರುತ್ತಿರಲಿಲ್ಲ ಸ್ವಾಮಿ.

ಜಿಲ್ಲಾ ಮಟ್ಟದಲ್ಲಿ ಮನಸ್ಸಿಗೂ ಚಿಕಿತ್ಸೆ ಕೊಡಬಹುದು ಅಂತ 1980ರ ದಶಕದಲ್ಲೇ ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ. 2022ರಿಂದ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಚರ್ಮದ ಡಾಕ್ಟರ ಚೀಟಿಯ ಮೇಲೆ ಆ ನಂಬರ್ ಅಚ್ಚು ಹಾಕಿಸಿ. ವಾರಕ್ಕೊಂದು ದಿನ ಆಪ್ತಸಮಾಲೋಚಕರನ್ನು ಅದೇ ಕಾರಿಡಾರಿನಲ್ಲಿ ಕೂರಿಸಿ. ನಮ್ಮನ್ನು ಬೇರೆ ಕಟ್ಟಡಕ್ಕೆ ಕಳಿಸಬೇಡಿ, ಅಲ್ಲಿ ಇನ್ನೊಂದು ಬೋರ್ಡು ಇರುತ್ತೆ. ಬೆಳಕಿನ ಚಿಕಿತ್ಸೆ ಸಂಜೆಯೂ ಸಿಗಲಿ.

ಬಾಗಿಲ ಮೇಲೆ 'ಚರ್ಮ ವಿಭಾಗ' ಅಂತಿದ್ದರೆ ಸಾಕು. ಜೂನ್ 25 ವಿಶ್ವ ತೊನ್ನು ದಿನ. ಅವತ್ತಿನ ಭಾಷಣಕ್ಕೆ ನಮ್ಮಲ್ಲಿ ಜಾಸ್ತಿ ಜನ ಬರಲ್ಲ, ಫೋಟೋ ತೆಗೆದುಬಿಡ್ತಾರೆ ಅನ್ನೋ ಭಯ. ಅಷ್ಟರೊಳಗೆ ಒಬ್ಬ ಪೇಂಟರನ್ನು ಕಳಿಸಿ.

ಇಂತಿ,
ತಾಲ್ಲೂಕು ಕೇಂದ್ರವೊಂದರ ಲೇಡೀಸ್ ಟೈಲರ್