ದಾವಣಗೆರೆಯಲ್ಲಿ ಯೂನಿವರ್ಸಿಟಿ ಬೇರೆ ಇದೆಯಾ?

ಚಿತ್ರದುರ್ಗ

ಚಿ. ಸಿಂಚನಾಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಹಾಸ್ಟೆಲ್ ಊಟ, ನಿಮ್ಮಪ್ಪನ ಮಂಡಿನೋವು, ತೋಟದ ಬೋರ್‌ವೆಲ್, ಇವೆಲ್ಲ ಗೊತ್ತಿರುವುದೇ. ಬಿಡು. ಕೊನೆಯಲ್ಲಿ ಎರಡು ಸಾಲು ಬರೆದಿದ್ದೀಯಲ್ಲ, ಅದು ತಲೆಯಿಂದ ಹೋಗುತ್ತಿಲ್ಲ. ಬೇಸಿಗೆ ಪ್ರಾಜೆಕ್ಟ್ ಕೇಳಲು ಬೆಂಗಳೂರಿನ ಲ್ಯಾಬಿಗೆ ಹೋಗಿದ್ದೆಯಂತೆ. ಅಲ್ಲಿ ಯಾರೋ ನಿನ್ನ ಬಯೋಡೇಟಾ ನೋಡಿ, "ದಾವಣಗೆರೆಯಲ್ಲಿ ಯೂನಿವರ್ಸಿಟಿ ಬೇರೆ ಇದೆಯಾ?" ಅಂದರಂತೆ. ನಾನು ಎಷ್ಟು ಓದಿದರೂ ಈ ಹೆಸರು ಅಡ್ಡ ಬರುತ್ತಾ ದೊಡ್ಡಪ್ಪ ಅಂತ ಕೇಳಿದ್ದೀಯ.

ಬರಲ್ಲ ಅಂತ ಒಂದೇ ಮಾತಲ್ಲಿ ಬರೆದು ಮುಗಿಸೋಣ ಅಂದುಕೊಂಡೆ. ಆದರೆ ಹೆಸರು ನೋಡಿಯೇ ಅರ್ಜಿ ಪಕ್ಕಕ್ಕಿಡುವವರು ಇದ್ದಾರೆ, ಸುಳ್ಳು ಯಾಕೆ ಹೇಳಲಿ. ಎಷ್ಟು ಜನ, ಎಷ್ಟು ದಿನ ಅನ್ನುವುದಷ್ಟೇ ಪ್ರಶ್ನೆ.

ಬೆಂಗಳೂರಿನವರು ಕೇಳಿದರು ಅಂದೆಯಲ್ಲ, ಬೆಂಗಳೂರಿನದೇ ಹೇಳುತ್ತೇನೆ. ಅಲ್ಲಿನ ಸೆಂಟ್ರಲ್ ಕಾಲೇಜು 1858ರಲ್ಲಿ ಶುರುವಾದಾಗ ಬರೀ ಹೈಸ್ಕೂಲು. ಸೆಂಟ್ರಲ್ ಕಾಲೇಜು ಅನ್ನುವ ಹೆಸರು ಬಂದಿದ್ದು 1875ರಲ್ಲಿ. ಪಾಠ ಬೆಂಗಳೂರಿನಲ್ಲಿ, ಡಿಗ್ರಿ ಮದ್ರಾಸ್ ವಿಶ್ವವಿದ್ಯಾಲಯದ್ದು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಆರ್ಟ್ಸ್ ಅಂದರೆ ಮೈಸೂರಿನ ಮಹಾರಾಜ ಕಾಲೇಜು, ಸೈನ್ಸ್ ಅಂದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಅಂತಾಯಿತು. ಮದ್ರಾಸಿನ ಡಿಗ್ರಿ ಇದ್ದವರು ಆಗ ಈ ಹೊಸ ಮೈಸೂರು ಡಿಗ್ರಿ ನೋಡಿ ಮೂಗು ಮುರಿದಿರಬಹುದು, ಅಲ್ವಾ? 1964ರಲ್ಲಿ ಅದೇ ಕಾಲೇಜು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿತು. ಈಗ ಅಲ್ಲಿ ಇನ್ನೊಂದು ವಿಶ್ವವಿದ್ಯಾಲಯದ ಬೋರ್ಡಿದೆ.

ನೀನು ಸ್ಪೆಕ್ಟ್ರೋಸ್ಕೋಪಿಯಲ್ಲಿ ರಾಮನ್ ಪರಿಣಾಮ ಓದುತ್ತೀಯಲ್ಲ, ಅದನ್ನು ಸಿ.ವಿ. ರಾಮನ್ 1928ರ ಮಾರ್ಚ್ 16ರಂದು ವಿಜ್ಞಾನಿಗಳ ಮುಂದೆ ವಿವರವಾಗಿ ಇಟ್ಟಿದ್ದು ಈ ಸೆಂಟ್ರಲ್ ಕಾಲೇಜಿನಲ್ಲೇ. ಆಗ ಮೈಸೂರು ವಿಶ್ವವಿದ್ಯಾಲಯಕ್ಕೆ ಹನ್ನೆರಡು ವರ್ಷ ಅಷ್ಟೇ. ನಿನ್ನದು 2009ರದ್ದು. ಲೆಕ್ಕ ಹಾಕಿ ನೋಡು, ಆವತ್ತಿನ ಮೈಸೂರಿಗಿಂತ ನಿನ್ನ ದಾವಣಗೆರೆಗೇ ವಯಸ್ಸು ಜಾಸ್ತಿ. ಕೆಮಿಸ್ಟ್ರಿ ವಿಜ್ಞಾನಿ ಸಿ.ಎನ್.ಆರ್. ರಾವ್ ಅದೇ ಕಾಲೇಜಿನಲ್ಲಿ ಓದಿ 1951ರಲ್ಲಿ ಮೈಸೂರಿನ ಬಿ.ಎಸ್ಸಿ. ಡಿಗ್ರಿ ತೆಗೆದುಕೊಂಡರು. ಅವರ ಹಾಗೆ ಆಗು ಅಂತ ಹೇಳುತ್ತಿಲ್ಲ, ಹೆದರಬೇಡ. ಈಗ ದೊಡ್ಡದಾಗಿ ಕಾಣುವ ಹೆಸರುಗಳೂ ಒಂದು ಕಾಲಕ್ಕೆ "ಅದೆಲ್ಲಿದೆ" ಅನ್ನಿಸಿಕೊಂಡವೇ ಅಂತ ನೆನಪಾಯಿತು, ಅಷ್ಟೇ.

ನಮ್ಮ ಕಡೆಯದೂ ಅದೇ ಕಥೆ. ನಾನು ದಾವಣಗೆರೆಯ ಡಿ.ಆರ್.ಎಂ. ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದಾಗ ಸರ್ಟಿಫಿಕೇಟ್ ಮೈಸೂರಿನದು. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಆದ ಮೇಲೆ ಬಂದವರಿಗೆ ಅದರ ಸರ್ಟಿಫಿಕೇಟ್. ಈಗಿನವರಿಗೆ ದಾವಣಗೆರೆಯದು. ಕಾಲೇಜು ಅಲ್ಲೇ ಇದೆ. ನೀನಿರುವ ತೋಳಹುಣಸೆಯ ಶಿವಗಂಗೋತ್ರಿ ಕ್ಯಾಂಪಸ್ಸಿನದೂ ಹಾಗೇ. 1979ರಲ್ಲಿ ಮೈಸೂರಿನವರು ತೆರೆದ ಸ್ನಾತಕೋತ್ತರ ಕೇಂದ್ರ ಅದು, ಆಮೇಲೆ ಕುವೆಂಪುಗೆ ಹೋಯಿತು, 2009ರಲ್ಲಿ ಸ್ವಂತ ವಿಶ್ವವಿದ್ಯಾಲಯ ಆಯಿತು. ಈಗ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಕಾಲೇಜುಗಳು ಅದರ ಕೆಳಗೇ ಬರುತ್ತವೆ.

1979 ಅಂದಾಗ ನಿಮ್ಮ ಅತ್ತೆ ನೆನಪಾಗುತ್ತಾಳೆ. ಅವಳ ವಿಷಯ ನಿನಗೆ ಗೊತ್ತೇ ಇದೆ. ಕೆಮಿಸ್ಟ್ರಿಯಲ್ಲಿ ನನಗಿಂತ ಅವಳೇ ಚುರುಕು. ಆಗ ಎಂ.ಎಸ್ಸಿ. ಅಂದರೆ ಮೈಸೂರಿಗೋ ಧಾರವಾಡಕ್ಕೋ ಹೋಗಬೇಕು. ಹೆಣ್ಣುಮಗಳನ್ನು ಅಷ್ಟು ದೂರ ಯಾರು ಕಳಿಸುತ್ತಾರೆ ಅಂತ ನಮ್ಮ ತಂದೆ ಒಂದೇ ಮಾತಲ್ಲಿ ಮುಗಿಸಿದರು. ತೋಳಹುಣಸೆಯಲ್ಲಿ ಕೇಂದ್ರ ಬರುವ ಹೊತ್ತಿಗೆ ಅವಳಿಗೆ ಮದುವೆಯಾಗಿ, ಕೈಯಲ್ಲಿ ಮಗು. ನಾನಾದರೂ ಹೋಗಬಹುದಿತ್ತು. ಜಗಳೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರು ಕೆಲಸ ಸಿಕ್ಕಿತ್ತು, ಸಂಬಳ ಬರುತ್ತಿತ್ತು. ಮುಂದಿನ ವರ್ಷ ನೋಡೋಣ ಅಂತಲೇ ವರ್ಷಗಳು ಹೋದವು. ಇವತ್ತಿಗೂ ರೈಲಿನಲ್ಲಿ ತೋಳಹುಣಸೆ ಸ್ಟೇಷನ್ ದಾಟುವಾಗ ಒಂಥರಾ ಆಗುತ್ತೆ. ಬೆಂಗಳೂರಿನವರು ಇದೆಯಾ ಅಂತ ಕೇಳಿದ ಜಾಗ ನಮ್ಮ ಮನೆಯವರಿಗೆ ತಡವಾಗಿ ಸಿಕ್ಕಿದ ಜಾಗ ಕಣವ್ವ. ಅದಕ್ಕೇ ಆ ಮಾತು ನಿನಗಿಂತ ನನಗೇ ಜಾಸ್ತಿ ಚುಚ್ಚಿತೋ ಏನೋ.

ಫೈನಲ್ ಬಿ.ಎಸ್ಸಿ. ಪ್ರಾಕ್ಟಿಕಲ್‌ಗೆ ಹೊರಗಿನಿಂದ ಒಬ್ಬರು ಎಕ್ಸಾಮಿನರ್ ಬಂದಿದ್ದರು. ದೊಡ್ಡ ಕಾಲೇಜಿನವರು, ಬಂದವರೇ ಮುಖ ಗಂಟು ಹಾಕಿಕೊಂಡಿದ್ದರು. ನನಗೆ ಸಾಲ್ಟ್ ಅನಾಲಿಸಿಸ್‌ನಲ್ಲಿ ನೈಟ್ರೇಟ್ ಬಂದಿತ್ತು. ನೈಟ್ರೇಟನ್ನು ಕಂದು ಉಂಗುರದಿಂದ ಪತ್ತೆ ಮಾಡುವ ಬ್ರೌನ್ ರಿಂಗ್ ಟೆಸ್ಟ್ ನೀನೂ ಮಾಡಿರುತ್ತೀಯ. ಟೆಸ್ಟ್ ಟ್ಯೂಬ್ ಓರೆ ಹಿಡಿದು ಸಲ್ಫ್ಯೂರಿಕ್ ಆಸಿಡ್ಡನ್ನು ಗಾಜಿನ ಅಂಚಿನಿಂದಲೇ ಇಳಿಬಿಡಬೇಕು. ಕೈ ಸ್ವಲ್ಪ ಅಲುಗಿದರೂ ಆಸಿಡ್ಡು, ಟ್ಯೂಬಿನ ದ್ರಾವಣ ಎರಡೂ ಬೆರೆತು ಉಂಗುರ ಮಾಯ. ನನಗೋ ಕೈ ನಡುಗುತ್ತಿತ್ತು. ಲ್ಯಾಬ್ ಅಟೆಂಡರ್ ದೂರದಿಂದಲೇ ನೋಡಿ, "ಮೊಣಕೈ ಟೇಬಲ್ ಮೇಲೆ ಊರಪ್ಪ" ಅಂದ. ಊರಿದೆ. ಆಸಿಡ್ ಮೆಲ್ಲಗೆ ತಳಕ್ಕೆ ಇಳಿದು, ಮಧ್ಯದಲ್ಲಿ ಕಂದು ಗೆರೆ ನಿಂತಿತು. ಎಕ್ಸಾಮಿನರ್ ಟ್ಯೂಬನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ ಮಾರ್ಕ್ಸ್ ಬರೆದುಕೊಂಡರು. ಆ ಅಟೆಂಡರ್ ಓದಿದ್ದು ನಾಲ್ಕನೇ ಕ್ಲಾಸು. ಕಾಲೇಜು ಬೆಳೆಯಿತು ಅಂದರೆ ನಾನು ಮೊದಲು ನೆನೆಸಿಕೊಳ್ಳುವುದು ಅಂಥವರನ್ನೇ. ಗೇಟಿನ ಮೇಲೆ ಹೆಸರು ಬರೆಸುವುದು ಒಂದು ದಿನದ ಕೆಲಸ.

ಎಲ್ಲಿಂದ ಎಲ್ಲಿಗೋ ಹೋದೆ. ಹೆಸರು ಅಡ್ಡ ಬರುತ್ತಾ ಅಂತ ನೀನು ಕೇಳಿದ್ದೆ. ಬಾಗಿಲಲ್ಲಿ ಬರಬಹುದು ಅಂತ ನನಗನ್ನಿಸುತ್ತೆ. ಒಳಗೆ ಹೋಗಿ ಕೆಲಸಕ್ಕೆ ಕೈ ಹಾಕಿದ ಮೇಲೆ ಅದು ಅಡ್ಡ ಬರುವುದು ಕಷ್ಟ. ಹಾಗಾಗಿ ಹೆಸರು ಲೆಕ್ಕಕ್ಕೇ ಬಾರದ ಬಾಗಿಲುಗಳನ್ನು ಮೊದಲು ತಟ್ಟು. ಸಿಎಸ್‌ಐಆರ್ ನೆಟ್, ಗೇಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಬರೆಯುವಾಗ ಎಲ್ಲಿ ಓದಿದೆ ಅನ್ನುವುದಕ್ಕೆ ಮಾರ್ಕ್ಸ್ ಇಲ್ಲ. ನೆಟ್‌ನಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಬಂದರೆ ಆ ದುಡ್ಡು ನಿನ್ನ ಜೊತೆಗೇ ಬರುತ್ತೆ, ಆಮೇಲೆ ಊರು ಯಾವುದು ಅಂತ ಕೇಳುವ ದನಿಯೇ ಬೇರೆ. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ, ಮುದುಕ ಸುಮ್ನೆ ಹೇಳುತ್ತಿದ್ದಾನೆ ಅಂದುಕೋ. ಬಯೋಡೇಟಾದಲ್ಲಿ ಮಾರ್ಕ್ಸ್ ಕೆಳಗೆ ಯಾವ ಯಾವ ಉಪಕರಣದ ಮೇಲೆ ನೀನೇ ಕೈಯಾರೆ ಕೆಲಸ ಮಾಡಿದ್ದೀಯ ಅಂತ ಬರೆ. ದೂರದಿಂದ ನೋಡಿದ್ದನ್ನು ಬರೆಯಬೇಡ, ಒಂದು ಪ್ರಶ್ನೆಗೆ ಸಿಕ್ಕಿಬೀಳುತ್ತೀಯ. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯ ಕ್ಯಾಂಪಸ್ ಇದೆಯಲ್ಲ, ಮೇಷ್ಟ್ರುಗಳಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ನಿಮ್ಮ ಲೆಕ್ಚರರ್ ಯಾರಾದರೂ ಹೋಗಿಬಂದಿದ್ದರೆ ಅವರನ್ನು ಮಾತಾಡಿಸು. ಪ್ರಯೋಜನ ಆಗುತ್ತೋ ಇಲ್ಲವೋ, ಕೇಳುವುದರಲ್ಲಿ ಏನೂ ಹೋಗಲ್ಲ.

ಇನ್ನೊಂದು ಸಲ ಯಾರಾದರೂ ಹಾಗೆ ಕೇಳಿದರೆ ತಲೆ ತಗ್ಗಿಸಬೇಡ. "ಇದೆ ಸರ್, ತೋಳಹುಣಸೆಯಲ್ಲಿ" ಅನ್ನು. ಕೇಳಿದವರಿಗೂ ಗೊತ್ತಾಗಲಿ.

ನೆಟ್ ಅರ್ಜಿ ಬಿಟ್ಟಾಗ ಫೋನ್ ಮಾಡು, ಫೀಸು ನಾನು ಕಳಿಸುತ್ತೇನೆ. ನಿಮ್ಮಪ್ಪನಿಗೆ ಹೇಳಬೇಡ, ಬೇಜಾರು ಮಾಡಿಕೊಳ್ಳುತ್ತಾನೆ. ಅತ್ತೆಗೂ ಒಂದು ಪತ್ರ ಹಾಕು, ಲ್ಯಾಬಲ್ಲಿ ಏನು ಮಾಡಿದೆ ಅಂತ ಬರೆ. ಅವಳಿಗೆ ಅರ್ಥವಾಗುತ್ತೆ.

ಇಂತಿ,
ನಿನ್ನ ದೊಡ್ಡಪ್ಪ